ಏನನ್ನೂ ಕಟ್ಟದ ಪೊಟ್ಯಾಸಿಯಂ

ಯೂರಿಯಾ ಚೆಲ್ಲಿದರೆ ಹಸಿರು ಉಕ್ಕುತ್ತದೆ ಎಂಬುದನ್ನು ಹೊಲದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕಾಡಿಗೆ? ಅಮೆರಿಕದ ವಾಯವ್ಯ ಒಳನಾಡಿನ ಬೆಟ್ಟಗಳಲ್ಲಿ, ಐಡಹೊ, ಮೊಂಟಾನಾ ಕಡೆ, ಬೇಸಿಗೆ ಬಂತೆಂದರೆ ಮಳೆ ಬಹುತೇಕ ನಿಂತಂತೆಯೇ. ಅಲ್ಲಿನ ಡಗ್ಲಸ್ ಫರ್ ಮರಗಳಿಗೆ ಐಡಹೊ ವಿಶ್ವವಿದ್ಯಾಲಯದ ಸಂಶೋಧಕರು 1980ರ ದಶಕದಲ್ಲಿ ಸಾರಜನಕ ಉಣಿಸಿ ನೋಡಿದರು. ಬಹಳ ಕಡೆ ಮರ ದಪ್ಪವಾಯಿತು. ಕೆಲವು ಕಡೆ ಮಾತ್ರ, ಅದರಲ್ಲೂ ಹೆಚ್ಚು ಉಣಿಸಿದಲ್ಲಿ, ಸತ್ತಿತು. ಆ ಸಂಶೋಧಕರಲ್ಲಿ ಪೀಟರ್ ಮಿಕಾ ಮತ್ತು ಜೇಮ್ಸ್ ಮೂರ್ ಇದರ ಸುಳಿವನ್ನು ಸೂಜಿಯೆಲೆಗಳಲ್ಲಿ ಕಂಡರು. ಸತ್ತ ಕಡೆಯ ಎಲೆಗಳಲ್ಲಿ ಪೊಟ್ಯಾಸಿಯಂ ಕಮ್ಮಿಯಿತ್ತು.

ಈ ಪೊಟ್ಯಾಸಿಯಂನ ಸ್ವಭಾವವೇ ವಿಚಿತ್ರ. ಸಾರಜನಕ ಪ್ರೋಟೀನಾಗುತ್ತದೆ, ರಂಜಕ ಡಿಎನ್‌ಎಯ ಬೆನ್ನೆಲುಬಾಗುತ್ತದೆ, ಮೆಗ್ನೀಸಿಯಂ ಪತ್ರಹರಿತ್ತಿನ ನಡುವೆ ಕೂರುತ್ತದೆ. ಪೊಟ್ಯಾಸಿಯಂ ಮರದ ಯಾವ ಅಣುವಿನೊಳಗೂ ಮನೆ ಮಾಡುವುದಿಲ್ಲ. ಜೀವಕೋಶದ ನೀರಿನಲ್ಲಿ ಅಯಾನಾಗಿ ಅಲೆಯುತ್ತಲೇ ಇರುತ್ತದೆ. ಎಲೆರಂಧ್ರದ ಕಾವಲು ಕೋಶಗಳಿಗೆ ಅದು ನುಗ್ಗಿದರೆ ನೀರೂ ಬೆನ್ನಿಗೇ ಬಂದು ಬಾಗಿಲು ತೆರೆಯುತ್ತದೆ, ಹೊರನಡೆದರೆ ಮುಚ್ಚುತ್ತದೆ. ಬರದ ಸೀಮೆಯಲ್ಲಿ ಬಾಗಿಲು ಮುಚ್ಚುವುದು ತಡವಾದರೆ ಅದೇ ದೊಡ್ಡ ನಷ್ಟ. ಬೇರಿನ ಕತೆಯೂ ಇಂಥದ್ದೇ. ಪೊಟ್ಯಾಸಿಯಂ ಕಮ್ಮಿಯಾಗಿ ಅಲ್ಲಿ ರಕ್ಷಣೆಯ ಫೀನಾಲ್‌ಗಳು ಇಳಿದು ಸಕ್ಕರೆ ಮೇಲುಗೈಯಾದರೆ ಅರ್ಮಿಲೇರಿಯಾ ಎಂಬ ಅಣಬೆಗೆ ಹಬ್ಬ. (ಒರೆಗಾನಿನ ಮಲ್ಹೂರ್ ಕಾಡಿನಲ್ಲಿ ಈ ಜಾತಿಯ ಒಂದೇ ಜೀವಿ 900 ಹೆಕ್ಟೇರಿಗೂ ಹೆಚ್ಚು ನೆಲದಡಿ ಹಬ್ಬಿದೆ. ಅವಸರವಿಲ್ಲದ ಶತ್ರು.)

ಅರಣ್ಯಾಧಿಕಾರಿಯ ಟೇಪು ಕಾಂಡದ ಸುತ್ತಳತೆಯನ್ನು ಅಳೆಯುತ್ತದೆ, ಎಂದರೆ ಕಟ್ಟಿ ಮುಗಿದದ್ದನ್ನು. ನಾವೂ ಹಾಗೆಯೇ, ಏನಾದೆ, ಏನು ಮಾಡಿಟ್ಟೆ ಎಂದು ಕೇಳುತ್ತೇವೆ. ಯಾವುದರ ಭಾಗವೂ ಆಗದೆ ಎಲ್ಲದರ ನಡುವೆ ಓಡಾಡಿಕೊಂಡಿದ್ದು, ಇಲ್ಲವಾದಾಗಲಷ್ಟೇ ಗೊತ್ತಾಗುವ ಕೆಲಸಕ್ಕೆ ಯಾವ ಅಳತೆ? ಅಣಬೆ ತಿಂದ ಮರವನ್ನು ಕಂಡವರು ಅಣಬೆಯನ್ನೇ ದೂರುತ್ತಾರೆ. ಅದರ ಹಿಂದಿನ ಕೊರತೆಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಕೊರತೆ ಮರದ ತಪ್ಪೂ ಅಲ್ಲ. ಗ್ರಾನೈಟಿನ ಫೆಲ್ಡ್‌ಸ್ಪಾರ್, ಮೈಕಾ ಸವೆದರೆ ಪೊಟ್ಯಾಸಿಯಂ ಸಿಗುತ್ತದೆ. ಕ್ವಾರ್ಟ್ಸೈಟ್ ಎಷ್ಟು ಸವೆದರೂ ಕೊಡಲು ಹೆಚ್ಚೇನಿಲ್ಲ. ಬೀಜ ಯಾವ ಬಂಡೆಯ ಮೇಲೆ ಬಿತ್ತೋ ಅದೇ ಅದರ ಪಾಲು.

ಪೊಟ್ಯಾಸಿಯಂನ ಈ ಅಂಟಿಕೊಳ್ಳದ ಗುಣದಿಂದ ಒಂದು ಅನುಕೂಲವೂ ಇದೆ. ಕಡಿದು ಬಿದ್ದ ಕೊಂಬೆ, ಸೂಜಿಯೆಲೆಗಳಿಂದ ಅದು ಮಳೆಗೆ, ಕರಗುವ ಹಿಮಕ್ಕೆ ಬೇಗನೆ ತೊಳೆದು ಮಣ್ಣಿಗಿಳಿಯುತ್ತದೆ. ಹಾಗಾಗಿ ಕಟಾವಿನ ಸೊಪ್ಪುಸದೆಯನ್ನು ಕೂಡಲೇ ಸಾಗಿಸದೆ, ಸುಡದೆ, ಒಂದು ಚಳಿಗಾಲ ಅಲ್ಲೇ ಬಿಡಿ ಎನ್ನುತ್ತಾರೆ ಅಲ್ಲಿನ ಮಣ್ಣು ಬಲ್ಲವರು. ಒಣಸೀಮೆಯಲ್ಲಿ ಅದೇ ಸೊಪ್ಪು ಬೆಂಕಿಗೂ ಮೇವು. ಎಷ್ಟು ಬಿಡಬೇಕು, ಎಷ್ಟು ತೆಗೆಯಬೇಕು ಎಂಬುದನ್ನು ಪ್ರತಿ ಬೆಟ್ಟದಲ್ಲೂ, ಅಡಿಯ ಬಂಡೆ ನೋಡಿ, ಹೊಸದಾಗಿಯೇ ತೂಗಬೇಕಾಗುತ್ತದೆ.