ಎಷ್ಟು ಸಲ ಕಟ್ಟಿದಿರಿ?

ನಮ್ಮ ಕಡೆ ಪರೀಕ್ಷೆಯನ್ನು ಬರೆಯುವುದು ಒಂದೇ ಸಲ. ಎರಡನೆಯ ಸಲದಿಂದ ಅದಕ್ಕೆ ಬರೆಯುವುದು ಎನ್ನುವುದಿಲ್ಲ, ಕಟ್ಟುವುದು ಎನ್ನುತ್ತಾರೆ. ಫೀಸು ಕಟ್ಟುವುದರಿಂದ ಹುಟ್ಟಿದ ಮಾತಿರಬಹುದು. ಆದರೆ ತರೀಕೆರೆಯ ನಮ್ಮ ಬೀದಿಯಲ್ಲಿ ‘ಮಗಳು ಈ ಸಲ ಕಟ್ಟಿದ್ದಾಳಾ?’ ಎಂದು ಯಾರಾದರೂ ಅಮ್ಮನನ್ನು ಕೇಳಿದಾಗ ನನ್ನ ಕಣ್ಣಿಗೆ ಬರುತ್ತಿದ್ದದ್ದು ಗೂಟಕ್ಕೆ ಕಟ್ಟಿದ ಕರು. 1989ರಲ್ಲಿ ಎರಡನೇ ಪಿಯುಸಿ ಗಣಿತ ಬರೆದೆ, 31 ಬಂತು. ಅಕ್ಟೋಬರ್‌ನಲ್ಲಿ ಕಟ್ಟಿದೆ, 28. ಮರುವರ್ಷ ಮತ್ತೆ ಕಟ್ಟಿದೆ, 33. ಪಾಸಾಗಲು 35 ಬೇಕು. ಕಡಿಮೆ ಬಿದ್ದ ಆ ಎರಡು ಅಂಕ 1998ರಲ್ಲಿ ನನ್ನ ಜೊತೆ ವಿಮಾನ ಹತ್ತಿ ಇಂಗ್ಲೆಂಡಿಗೂ ಬಂದವು.

ಈ ದೇಶದಲ್ಲಿರುವ ನಮ್ಮವರಲ್ಲಿ ಬಹಳಷ್ಟು ಜನ ಅಂಕಪಟ್ಟಿಯ ಬಲದಿಂದ ಬಂದವರು. ಸಿಇಟಿಯಲ್ಲಿ ರ್‍ಯಾಂಕು, ಅದರಿಂದ ಸೀಟು, ಸೀಟಿನಿಂದ ಡಿಗ್ರಿ, ಡಿಗ್ರಿಯಿಂದ ವೀಸಾ. ಹಾಗಾಗಿ ಯುಗಾದಿ ಊಟದ ಸಾಲಿನಲ್ಲಿ ಹೊಸಬರು ಸಿಕ್ಕರೆ ಊರು ಕೇಳಿದ ಮೇಲೆ ಬರುವ ಪ್ರಶ್ನೆ, ‘ನೀವು ಯಾವ ಕಾಲೇಜು?’ ಹನ್ನೊಂದು ವರ್ಷ ನಾನು ‘ಶಿವಮೊಗ್ಗದಲ್ಲಿ’ ಎಂದು ಹೇಳಿ ಕೋಸಂಬರಿಗೆ ಎಲೆ ಒಡ್ಡಿದ್ದೇನೆ. ಪೂರ್ತಿ ಸುಳ್ಳೇನಲ್ಲ. ಟೈಪಿಂಗ್ ಕಲಿತದ್ದು ಶಿವಮೊಗ್ಗದಲ್ಲೇ.

ಓದಿನ ದಾರಿ ಮತ್ತೆ ಕಂಡದ್ದು ರಾತ್ರಿ ಎರಡೂವರೆಗೆ. ಮಗಳಿಗೆ ಆಗ ನಾಲ್ಕು ತಿಂಗಳು, ನಿದ್ದೆ ಮಾಡದ ಕೂಸು. ಮಡಿಲಲ್ಲಿ ಹಾಕಿಕೊಂಡು ಬಿಬಿಸಿ 2 ಹಚ್ಚಿದರೆ ಗಡ್ಡದ ಮೇಷ್ಟ್ರೊಬ್ಬರು, ಎಪ್ಪತ್ತರ ದಶಕದ ಅಗಲ ಕಾಲರಿನ ಅಂಗಿ ತೊಟ್ಟು, ಯಾವುದೋ ಬಂಡೆಯ ಪದರಗಳನ್ನು ವಿವರಿಸುತ್ತಿದ್ದರು. ದೂರದರ್ಶನದಲ್ಲಿ ಮಧ್ಯಾಹ್ನ ಬರುತ್ತಿದ್ದ ಯುಜಿಸಿ ಪಾಠಗಳು ನೆನಪಾದವು. ನಮ್ಮ ಮನೆಯಲ್ಲಿ ಅದು ಬಂದರೆ ಟೀವಿ ಆರಿಸುವ ಹೊತ್ತಾಯಿತು ಎಂದರ್ಥ. ಇದನ್ನು ಯಾರು ನೋಡುತ್ತಾರಪ್ಪ ಈ ಹೊತ್ತಿನಲ್ಲಿ ಎಂದುಕೊಂಡೆ. ಮರುದಿನವೂ ನೋಡಿದೆ. ಅದು ಓಪನ್ ಯೂನಿವರ್ಸಿಟಿಯ ಪಾಠ, ಆ ಯೂನಿವರ್ಸಿಟಿ ನಾವಿದ್ದ ಮಿಲ್ಟನ್ ಕೀನ್ಸ್ ಊರಲ್ಲೇ ಇದೆ ಎನ್ನುವುದು ಗೊತ್ತಾಗಲು ಮತ್ತೊಂದು ತಿಂಗಳು ಹಿಡಿಯಿತು. ಕೇರ್ ಹೋಮಿನಲ್ಲಿ ನನ್ನ ಜೊತೆ ಪಾಳಿ ಮಾಡುತ್ತಿದ್ದ ಐವತ್ತು ದಾಟಿದ ಹೆಂಗಸು ಟೀ ಬಿಡುವಿನಲ್ಲಿ ದಪ್ಪ ಪುಸ್ತಕ ಬಿಚ್ಚುತ್ತಿದ್ದಳು. ಹದಿನೈದಕ್ಕೇ ಸ್ಕೂಲು ಬಿಟ್ಟವಳು, ಈಗ ಬಿಎ ಓದುತ್ತಿದ್ದಾಳೆ ಎಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು, ‘ಹಾಗಾದರೆ ಎ ಲೆವೆಲ್ ಯಾವಾಗ ಕಟ್ಟಿದಿರಿ?’ (ಎ ಲೆವೆಲ್ ಎಂದರೆ ಇಲ್ಲಿನ ಪಿಯುಸಿ.) ಇಂಗ್ಲಿಷಿನಲ್ಲಿ ‘ಕಟ್ಟು’ ಎನ್ನುವುದಕ್ಕೆ ಮಾತು ಸಿಗದೆ ತಡವರಿಸಿದೆ ಬಿಡಿ. ಅವಳು ಕಟ್ಟಿಯೇ ಇರಲಿಲ್ಲ. ಯಾರೂ ಕೇಳಿರಲಿಲ್ಲ.

ಕೇಳದೇ ಇರುವುದು ಅಷ್ಟು ಸುಲಭವಾಗಿ ಆದ ಕೆಲಸವಲ್ಲ ಎಂಬುದನ್ನು ಆಮೇಲೆ ಓದಿ ತಿಳಿದೆ. 1963ರ ಸೆಪ್ಟೆಂಬರ್‌ನಲ್ಲಿ ಗ್ಲಾಸ್ಗೋದ ಭಾಷಣವೊಂದರಲ್ಲಿ ಲೇಬರ್ ನಾಯಕ ಹೆರಾಲ್ಡ್ ವಿಲ್ಸನ್ ರೇಡಿಯೊ, ಟೀವಿಯ ಮೂಲಕ ಪಾಠ ಹೇಳುವ ವಿಶ್ವವಿದ್ಯಾಲಯದ ಮಾತೆತ್ತಿದರು. ಭಾಷಣದ ಮಾತು ಭಾಷಣದಲ್ಲೇ ಉಳಿಯಬಹುದಿತ್ತು. ಅದನ್ನು ಹಟ ಹಿಡಿದು ಕಟ್ಟಿದವರು ಜೆನ್ನಿ ಲೀ, ಸ್ಕಾಟ್ಲೆಂಡಿನ ಫೈಫ್ ಸೀಮೆಯ ಗಣಿ ಕಾರ್ಮಿಕನ ಮಗಳು, ಇಪ್ಪತ್ತನಾಲ್ಕನೆಯ ವಯಸ್ಸಿಗೇ ಪಾರ್ಲಿಮೆಂಟಿಗೆ ಆರಿಸಿ ಬಂದಾಕೆ. ಶಾಲೆ ತಪ್ಪಿದವರಿಗೆ ಯಾವುದೋ ಸಣ್ಣ ಸರ್ಟಿಫಿಕೇಟು ಕೊಟ್ಟು ಸಮಾಧಾನ ಮಾಡಿದರೆ ಸಾಕಲ್ಲ ಎಂದು ಅಧಿಕಾರಿಗಳು ಸೂಚಿಸಿದರೆ ಆಕೆ ಒಪ್ಪುತ್ತಿರಲಿಲ್ಲ. ಒಳಗೆ ಬರಲು ಅರ್ಹತೆ ಕೇಳಬಾರದು, ಹೊರಗೆ ಹೋಗುವಾಗ ಕೊಡುವ ಪದವಿ ಮಾತ್ರ ಬೇರೆ ಯಾವ ವಿಶ್ವವಿದ್ಯಾಲಯದ ಪದವಿಗೂ ಕಡಿಮೆ ಇರಬಾರದು. ಈ ಎರಡನ್ನೂ ಒಟ್ಟಿಗೆ ಕೇಳುವುದು ಆಗ ಹುಚ್ಚು ಎನಿಸಿತ್ತು. ಕನ್ಸರ್ವೇಟಿವ್ ಪಕ್ಷದ ಇಯನ್ ಮ್ಯಾಕ್ಲಿಯೋಡ್ ಇಡೀ ಯೋಜನೆಯನ್ನೇ ಅರ್ಥವಿಲ್ಲದ ಬಡಬಡಿಕೆ ಎಂದು ಹಂಗಿಸಿದ್ದರು. 1970ರಲ್ಲಿ ಅವರ ಪಕ್ಷವೇ ಅಧಿಕಾರಕ್ಕೆ ಬಂದಾಗ ಯೂನಿವರ್ಸಿಟಿಗೆ ರಾಜಮುದ್ರೆಯ ಸನದು ಸಿಕ್ಕು ವರ್ಷವಾಗಿತ್ತು, ಪಾಠ ಶುರುವಾಗಿರಲಿಲ್ಲ. ಹೊಸ ಶಿಕ್ಷಣ ಮಂತ್ರಿ ಅದನ್ನು ಮುಚ್ಚಲಿಲ್ಲ. ಕಡಿಮೆ ಖರ್ಚಿನಲ್ಲಿ ಪದವೀಧರರು ತಯಾರಾಗುತ್ತಾರೆ ಎಂಬ ಲೆಕ್ಕ ಅವರಿಗೆ ಹಿಡಿಸಿತು. ಆ ಮಂತ್ರಿಯ ಹೆಸರು ಮಾರ್ಗರೆಟ್ ಥ್ಯಾಚರ್.

1971ರ ಜನವರಿಯಲ್ಲಿ ಮೊದಲ ತಂಡ ಸೇರಿತು. ಅರ್ಜಿ ಹಾಕಿದವರು ನಲವತ್ತು ಸಾವಿರಕ್ಕೂ ಹೆಚ್ಚು, ಸೇರಿಸಿಕೊಂಡದ್ದು ಇಪ್ಪತ್ತೈದು ಸಾವಿರದ ಆಸುಪಾಸು. ಹಾಗಾದರೆ ಆರಿಸಿದ್ದು ಹೇಗೆ? ನನಗೆ ಇಡೀ ಕಥೆಯಲ್ಲಿ ಇವತ್ತಿಗೂ ರೋಮಾಂಚನ ಆಗುವುದು ಇಲ್ಲಿ. ಬಹುಮಟ್ಟಿಗೆ ಸರದಿಯ ಪ್ರಕಾರ. ಮೊದಲು ಬಂದವರಿಗೆ ಮೊದಲು, ಉಳಿದವರಿಗೆ ಮುಂದಿನ ವರ್ಷ. ಕಟ್-ಆಫ್ ಇಲ್ಲ, ಮೆರಿಟ್ ಲಿಸ್ಟ್ ಇಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಗೆ ಡಬ್ಬ ಇಟ್ಟ ಹಾಗೆ ವಿಶ್ವವಿದ್ಯಾಲಯಕ್ಕೆ ಸಾಲು ನಿಲ್ಲುವುದು! ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ನಂಬರು ಹುಡುಕುತ್ತ ಬೆರಳು ಸವೆಸಿದ ನಮ್ಮಂಥವರಿಗಷ್ಟೇ ಇದರ ಸುಖ ಗೊತ್ತು.

2002ರಲ್ಲಿ ನಾನೂ ಡಬ್ಬ ಇಟ್ಟೆ. ನೇರ ಡಿಗ್ರಿಗೆ ಧೈರ್ಯ ಬರಲಿಲ್ಲ. ‘ಓಪನಿಂಗ್ಸ್’ ಎಂಬ ಚಿಕ್ಕ ಕೋರ್ಸುಗಳಿದ್ದವು. ಕೆಲವು ತಿಂಗಳ ಓದು, ಪರೀಕ್ಷೆಯಿಲ್ಲ, ಮೇಷ್ಟ್ರು ಫೋನಿನಲ್ಲೇ ಪಾಠ ಹೇಳುತ್ತಾರೆ. ಮೊದಲ ಫೋನು ಬಂದಾಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಗಣಿತದಲ್ಲಿ ಮೂರು ಸಲ ಫೇಲಾದವಳು ಎಂದು ಮೊದಲೇ ಹೇಳಿಬಿಟ್ಟೆ, ಆಮೇಲೆ ಗೊತ್ತಾಗಿ ಅವಮಾನ ಆಗುವುದು ಬೇಡ ಅಂತ. ಆ ಕಡೆಯಿಂದ ಒಂದು ಕ್ಷಣ ಮೌನ. ‘ಈ ಕೋರ್ಸಿನಲ್ಲಿ ಗಣಿತ ಇಲ್ಲವಲ್ಲ’ ಎಂದರು ಆಕೆ, ನಿಜಕ್ಕೂ ಗೊಂದಲಗೊಂಡ ದನಿಯಲ್ಲಿ.

ಮರುವರ್ಷ ಕೆ100 ಹಿಡಿದೆ, ಆರೋಗ್ಯ ಮತ್ತು ಸಾಮಾಜಿಕ ಆರೈಕೆಯ ಪೇಪರು. ಹಾನರ್ಸ್ ಪದವಿಗೆ 360 ಪಾಯಿಂಟು. ವರ್ಷಕ್ಕೆ 60ರಂತೆ ಆರು ವರ್ಷ. ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದವು. ನಾವು ಬರೆದ ಪ್ರಬಂಧ, ಅದಕ್ಕೆ ಟಿಎಂಎ ಎನ್ನುತ್ತಾರೆ, ಅಂಚೆಯಲ್ಲೇ ಹೋಗುತ್ತಿತ್ತು. ತಿರುಗಿ ಬರುವಾಗ ಅದರ ಮೇಲೆ ಪಿಟಿ-3 ಎಂಬ ಹಾಳೆ ಇರುತ್ತಿತ್ತು. ಅದರ ತುಂಬ ಟ್ಯೂಟರ್ ಬರೆದ ಮಾತು. ನನ್ನ ಪಿಯುಸಿ ಉತ್ತರ ಪತ್ರಿಕೆಗಳನ್ನು ಮೂರು ಸಲವೂ ಯಾರೋ ತಿದ್ದಿದ್ದಾರೆ, ಎಲ್ಲಿ ತಪ್ಪಿದೆ ಎಂದು ಒಂದು ಸಾಲನ್ನೂ ನಾನು ಕಂಡಿಲ್ಲ. ಇಲ್ಲಿ ಮೊದಲ ಪ್ರಬಂಧಕ್ಕೆ 62 ಕೊಟ್ಟು, ಒಂದೂವರೆ ಪುಟ ಬರೆದಿದ್ದರು. ಪುಸ್ತಕ ಏನು ಹೇಳುತ್ತದೆ ಎಂಬುದನ್ನು ಚೆನ್ನಾಗಿ ಒಪ್ಪಿಸಿದ್ದೀರಿ, ಆದರೆ ನಾಲ್ಕು ವರ್ಷ ಮುದುಕರ ಆರೈಕೆ ಮಾಡಿದವರು ನೀವು, ಪುಸ್ತಕ ಹೇಳುವುದು ನಿಜವೇ? ಕಂಠಪಾಠದ ಮೇಲೆ ಬೆಳೆದ ನನಗೆ ಪುಸ್ತಕವನ್ನು ಹೀಗೆ ನಿಲ್ಲಿಸಿ ಕೇಳಬಹುದು ಎಂಬುದೇ ಹೊಸದು. ಊಟ ಬೇಡ ಎಂದು ಬಾಯಿ ಬಿಗಿಯುವ ಅಜ್ಜಿಯೊಬ್ಬರ ವಿಷಯ ಎರಡನೆಯ ಪ್ರಬಂಧದಲ್ಲಿ ಬರೆದೆ. ಅಲ್ಲಿಂದ ಓದು ಶುರುವಾಯಿತು ಎನ್ನಬೇಕು.

ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಎಲ್ಲರೂ ಮನೆ ಸೇರುವುದಿಲ್ಲ, ಇದನ್ನೂ ಹೇಳಬೇಕು. ನನ್ನ ಮೊದಲ ವರ್ಷದ ಶನಿವಾರದ ತರಗತಿಗಳಿಗೆ ಬರುತ್ತಿದ್ದವರಲ್ಲಿ ಕೊನೆಯವರೆಗೆ ನಡೆದವರು ಕಡಿಮೆ. ಲಾರಿ ಚಾಲಕನೊಬ್ಬ ಬೆನ್ನು ನೋವೆಂದು ಬಿಟ್ಟ, ಇನ್ನೊಬ್ಬಳು ಮೂರನೆಯ ಬಾಣಂತನಕ್ಕೆ. ವಯಸ್ಸಾದ ಮೇಲಿನ ಓದಿಗೆ ಬುದ್ಧಿಗಿಂತ ಹೆಚ್ಚಾಗಿ ಬೇಕಾಗುವುದು ಅಡುಗೆಮನೆಯ ಮೇಜು ಖಾಲಿ ಮಾಡಿಕೊಡುವ ಜನ. ನಮ್ಮನೆಯವರು ಆರು ವರ್ಷ ಭಾನುವಾರದ ಅಡುಗೆ ಮಾಡಿದರು. ಅವರ ಉಪ್ಪಿಟ್ಟಿನ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ಓಪನ್ ಯೂನಿವರ್ಸಿಟಿಯೊಂದೇ ದಾರಿಯಲ್ಲ. ಕೆಲಸಗಾರರಿಗೆ ಸಂಜೆ ಪಾಠ ಹೇಳಲೆಂದು ಲಂಡನ್ನಿನಲ್ಲಿ 1823ರಲ್ಲೇ ಹುಟ್ಟಿದ ಸಂಸ್ಥೆ ಇವತ್ತಿನ ಬರ್ಕ್‌ಬೆಕ್. ಇಲ್ಲಿನ ನಮ್ಮ ಕುಟುಂಬಗಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಬಹುಶಃ ‘ಆಕ್ಸೆಸ್’ ಡಿಪ್ಲೊಮಾ. 1978ರಲ್ಲಿ ಸರ್ಕಾರ ಕೆಲವು ಸ್ಥಳೀಯ ಆಡಳಿತಗಳನ್ನು ಕರೆದು, ಶಿಕ್ಷಕ ಮತ್ತು ಸಮಾಜ ಸೇವೆಯ ತರಬೇತಿಗೆ ಅರ್ಹತೆಯಿಲ್ಲದ ವಯಸ್ಕರನ್ನು, ಮುಖ್ಯವಾಗಿ ವಲಸಿಗ ಸಮುದಾಯಗಳವರನ್ನು, ತಯಾರು ಮಾಡಿ ಎಂದು ಹೇಳಿದ್ದರಿಂದ ಬೆಳೆದದ್ದು. ಅಂದರೆ ಅದು ನಮ್ಮಂಥವರನ್ನು ನೋಡಿಯೇ ತೆರೆದ ಬಾಗಿಲು. ಊರಿನ ಎಫ್‌ಇ (ಫರ್ದರ್ ಎಜುಕೇಶನ್) ಕಾಲೇಜಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ, 60 ಕ್ರೆಡಿಟ್, ಮುಗಿಸಿದರೆ ಎ ಲೆವೆಲ್ ಇಲ್ಲದೆಯೇ ಯೂನಿವರ್ಸಿಟಿಗೆ ಅರ್ಜಿ ಹಾಕಬಹುದು. ನರ್ಸಿಂಗಿಗೆ, ಟೀಚರ್ ಕೆಲಸಕ್ಕೆ ಹೋಗುವವರಿಗೆ ಇಂಗ್ಲಿಷ್, ಗಣಿತದ ಜಿಸಿಎಸ್‌ಇ ಬೇರೆ ಬೇಕಾಗುತ್ತದೆ; ಗಣಿತ ಇಲ್ಲೂ ಬಿಡುವುದಿಲ್ಲ. ಕಾಲೇಜು ಫೀಸಿಗೆ ಸಾಲ ಸಿಗುತ್ತದೆ, ಮುಂದೆ ಪದವಿ ಮುಗಿಸಿದರೆ ಆಕ್ಸೆಸ್ ಕೋರ್ಸಿನ ಸಾಲದ ಬಾಕಿ ಮನ್ನಾ. ಇದನ್ನು ನಮ್ಮವರಿಗೆ ಹೇಳಿದರೆ ‘ಅದೆಲ್ಲ ಯಾರಿಗೋ’ ಎನ್ನುವ ಮುಖ ಮಾಡುತ್ತಾರೆ. ಪರಿಚಯದವರ ಹುಡುಗನೊಬ್ಬ ಸಿಕ್ಸ್ತ್ ಫಾರ್ಮ್ ಅರ್ಧಕ್ಕೆ ಬಿಟ್ಟ. ಅಪ್ಪ ಅಮ್ಮ ಇಬ್ಬರೂ ಡಾಕ್ಟರು. ಸೂಪರ್‌ಮಾರ್ಕೆಟ್ಟಿನಲ್ಲಿ ಕಪಾಟು ತುಂಬುತ್ತಿದ್ದ ಅವನ ಬಗ್ಗೆ ಕೇಳಿದರೆ ‘ಗ್ಯಾಪ್ ಇಯರ್’ ಎನ್ನುತ್ತಿದ್ದರು. ಎರಡು ವರ್ಷ ನಡೆದ ಗ್ಯಾಪ್ ಇಯರ್ ಅದು. ರಾಜ್ಯೋತ್ಸವಕ್ಕೂ ಬರುವುದು ಬಿಟ್ಟರು. ಇಪ್ಪತ್ತನೆಯ ವಯಸ್ಸಿಗೆ ಹುಡುಗ ತಾನೇ ಹೋಗಿ ಆಕ್ಸೆಸ್ ಸೇರಿ, ಈಗ ಮಕ್ಕಳ ವಾರ್ಡಿನಲ್ಲಿ ನರ್ಸ್. ನಮ್ಮ ಕನ್ನಡ ಸಂಘದ ಪ್ರತಿಭಾ ಪುರಸ್ಕಾರದ ಅರ್ಜಿಯಲ್ಲಿ ಅವನು ತುಂಬಬಹುದಾದ ಕಾಲಂ ಇಲ್ಲ.

ಮಾರ್ಗಗಳಿವೆ ಎಂದು ಹೊಗಳುವಾಗ ಒಂದು ಕಹಿಯನ್ನು ನುಂಗಬಾರದು. ನಾನು ಓದುವಾಗ ವರ್ಷದ ಪೇಪರಿಗೆ ಕೆಲವು ನೂರು ಪೌಂಡು. ತಿಂಗಳ ಕಂತಿನಲ್ಲಿ ಕಟ್ಟುತ್ತಿದ್ದೆ. (ಈ ‘ಕಟ್ಟುವುದು’ ನೋಯಿಸಲಿಲ್ಲ.) 2012ರಲ್ಲಿ ಇಂಗ್ಲೆಂಡಿನಲ್ಲಿ ಸರ್ಕಾರ ಬೋಧನಾ ಅನುದಾನ ಕಿತ್ತುಕೊಂಡಿತು, ಓಪನ್ ಯೂನಿವರ್ಸಿಟಿಯ ಫೀಸು ಪೂರ್ಣಾವಧಿಯ ಲೆಕ್ಕದಲ್ಲಿ ವರ್ಷಕ್ಕೆ 5,000 ಪೌಂಡಿಗೆ ಏರಿತು. ಸಾಲ ಕೊಡುತ್ತೇವೆ ಎಂದರು. ನಲವತ್ತೈದು ವರ್ಷದ ಕೇರ್ ವರ್ಕರ್ ಸಾಲ ಮಾಡಿ ಓದುತ್ತಾಳೆಯೇ? ದೇಶದಲ್ಲಿ ಅರೆಕಾಲಿಕ ವಿದ್ಯಾರ್ಥಿಗಳ ಸಂಖ್ಯೆ ಧಡ್ಡನೆ ಕುಸಿಯಿತು. ಸ್ಕಾಟ್ಲೆಂಡಿನಲ್ಲಿ ಕಡಿಮೆ ಆದಾಯದವರಿಗೆ ಅನುದಾನ ಉಳಿಯಿತು. ಹೊಸದಾಗಿ ಬಂದವರು ಇನ್ನೊಂದು ವಿಷಯ ತಿಳಿದಿರಬೇಕು: ಸಾಲಕ್ಕೆ ಅರ್ಹರಾಗಲು ಸಾಮಾನ್ಯವಾಗಿ ಇಲ್ಲಿ ಖಾಯಂ ವಾಸದ ಹಕ್ಕು ಇದ್ದು, ಮೂರು ವರ್ಷ ನೆಲೆಸಿರಬೇಕು.

ಊರಿನಲ್ಲಿ ಇಂಥದ್ದೇನೂ ಇರಲಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ಇತ್ತು. ಹೈದರಾಬಾದಿನಲ್ಲಿ 1982ರಲ್ಲೇ ಜಿ. ರಾಮ್ ರೆಡ್ಡಿಯವರ ನೇತೃತ್ವದಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಶುರುವಾಗಿತ್ತು. ಔಪಚಾರಿಕ ಓದಿಲ್ಲದವರು ಅರ್ಹತಾ ಪರೀಕ್ಷೆಯೊಂದನ್ನು ಬರೆದು ಒಳಗೆ ಹೋಗಬಹುದಿತ್ತು. ಇಗ್ನೋ 1985ರಲ್ಲಿ ಹುಟ್ಟಿತು, ಮೊದಲ ಕುಲಪತಿ ಅವರೇ. ಪಿಯುಸಿ ಇಲ್ಲದವರಿಗೆ ಅಲ್ಲಿ ಬಿಪಿಪಿ ಎಂಬ ಆರು ತಿಂಗಳ ಪೂರ್ವಸಿದ್ಧತೆ ಮುಗಿಸಿ ಬಿಎ ಸೇರುವ ದಾರಿ ಇತ್ತು. ನಮ್ಮ ಬೀದಿಗೆ ಇದರ ಸುದ್ದಿ ಬಂದಿರಲಿಲ್ಲ, ಬಂದಿದ್ದರೂ ‘ಮೊದಲು ಗಣಿತ ಕಟ್ಟು’ ಎನ್ನುತ್ತಿದ್ದರೇನೊ. ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ 1969ರದ್ದು, ಓಪನ್ ಯೂನಿವರ್ಸಿಟಿಯ ಸನದಿನ ವರ್ಷವೇ. ಅದೇ 1996ರಲ್ಲಿ ಮುಕ್ತಗಂಗೋತ್ರಿಯ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಆದರೆ ನಮ್ಮಲ್ಲಿ ಪದವಿ ಕೈಗೆ ಬಂದ ಮೇಲೂ ಹಳೆಯ ಲೆಕ್ಕ ಮುಗಿಯುವುದಿಲ್ಲ. ಪಿಯುಸಿ ಇಲ್ಲದೆ ಪಡೆದ ಡಿಗ್ರಿಯನ್ನು ನೌಕರಿಗೆ ಒಪ್ಪಬೇಕೆ ಎಂಬ ತಕರಾರು ಮತ್ತೆ ಮತ್ತೆ ಕೋರ್ಟು ಮೆಟ್ಟಿಲು ಹತ್ತಿದೆ. ಎಸ್ಸೆಸ್ಸೆಲ್ಸಿಯ ವಿಸ್ತಾರದಲ್ಲಿ ‘ಶಾಲೆ ಬಿಡುವ’ ಎಂಬ ಮಾತಿದೆ. ನಾವು ಶಾಲೆ ಬಿಟ್ಟರೂ ಅದು ನಮ್ಮನ್ನು ಬಿಡುವುದಿಲ್ಲ.

2009ರಲ್ಲಿ ಲಂಡನ್ನಿನ ಬಾರ್ಬಿಕನ್‌ನಲ್ಲಿ ಪದವಿ ಪ್ರದಾನ. ಮೈಸೂರು ಸಿಲ್ಕ್ ಸೀರೆಯ ಮೇಲೆ ಗೌನು ಹಾಕಿದರೆ ಸೆರಗು ಎಲ್ಲಿ ಹೋಗಬೇಕು ಎಂಬುದೇ ಬಗೆಹರಿಯಲಿಲ್ಲ. ವಾಕರ್ ಹಿಡಿದು ವೇದಿಕೆ ಹತ್ತಿದ ಅಜ್ಜರೊಬ್ಬರಿಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹತ್ತು ವರ್ಷದ ಮಗಳು ಮೇಲಿನ ಸಾಲಿನಿಂದ ‘ಅಮ್ಮಾ’ ಎಂದು ಕನ್ನಡದಲ್ಲಿ ಕೂಗಿದಳು. ಹೊರಗೆ ಬಂದು ತರೀಕೆರೆಗೆ ಫೋನು ಮಾಡಿದೆ. ಅಲ್ಲಿ ರಾತ್ರಿ ಊಟದ ಹೊತ್ತು.

‘ಡಿಗ್ರಿ ಆಯ್ತಮ್ಮ, ಹಾನರ್ಸು’ ಎಂದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪಕ್ಕದಲ್ಲಿ ಯಾರಿಗೂ ಕೇಳಬಾರದು ಎನ್ನುವ ಹಾಗೆ ದನಿ ತಗ್ಗಿಸಿ, ‘ಅಂತೂ ಆ ಲೆಕ್ಕ ಪಾಸಾಯ್ತಾ?’ ಎಂದರು.

‘ಇಲ್ಲಮ್ಮ. ಇವರು ಲೆಕ್ಕ ಕೇಳಲೇ ಇಲ್ಲ.’

‘ಕೇಳಲೇ ಇಲ್ವಾ?’ ಅಂದರು. ಫೋನು ಇಡುವ ಮೊದಲು ಮತ್ತೊಮ್ಮೆ, ‘ನಿಜವಾಗ್ಲೂ ಕೇಳಲಿಲ್ವೇನೇ?’