ಊಟ ಬಲ್ಲವರು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಈ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ವಿಸ್ತರಿಸಿ ಬರೆದವರೇ. ಹಿತವಾಗಿ, ಮಿತವಾಗಿ ತಿನ್ನಬೇಕು, ಹಾಗೆಯೇ ಮಾತನಾಡಬೇಕು ಎಂದು ಬರೆದರೆ ಪೂರ್ತಿ ಅಂಕ. ಆದರೆ ಗಾದೆಯಲ್ಲಿ ಮಿತ ಎಂಬ ಮಾತೇ ಇಲ್ಲ. ಇರುವುದು ‘ಬಲ್ಲ’ ಎಂಬ ಮಾತು. ಈಜು ಬಲ್ಲವನು, ದಾರಿ ಬಲ್ಲವನು ಅನ್ನುತ್ತೇವೆ. ಅವರನ್ನು ನಾನು ಚೆನ್ನಾಗಿ ಬಲ್ಲೆ ಅನ್ನುತ್ತೇವೆ. ಕೆರೆಗೆ ಇಳಿಯದೆ ಈಜಿನ ಪುಸ್ತಕವನ್ನು ಬಾಯಿಪಾಠ ಮಾಡಿದವನನ್ನು ಯಾರೂ ಈಜು ಬಲ್ಲವನು ಎಂದು ಕರೆಯುವುದಿಲ್ಲ. ಬಲ್ಲವನಾಗಲು ಒಡನಾಟ ಬೇಕು.

ಆರು ವರ್ಷ ನಾನು ಊಟದ ಬಗ್ಗೆ ಎಲ್ಲವನ್ನೂ ತಿಳಿದಿದ್ದೆ. ಒಂದು ಗ್ರಾಂ ಪಿಷ್ಟಕ್ಕೆ 4 ಕ್ಯಾಲೊರಿ, ಪ್ರೋಟೀನಿಗೂ 4, ಕೊಬ್ಬಿಗೆ 9. ಅಡುಗೆಮನೆಯಲ್ಲಿ ಪುಟ್ಟ ತಕ್ಕಡಿ ಇತ್ತು. ಅನ್ನವನ್ನು ತೂಗಿ ತಟ್ಟೆಗೆ ಹಾಕಿಕೊಳ್ಳುತ್ತಿದ್ದೆ, ಒಗ್ಗರಣೆಯ ಎಣ್ಣೆಯನ್ನು ಚಮಚದಲ್ಲಿ ಅಳೆಯುತ್ತಿದ್ದೆ. ಮೊದಲ ವರ್ಷ ಒಂಬತ್ತು ಕಿಲೋ ಇಳಿದೆ, ಎರಡನೆಯ ವರ್ಷ ಹತ್ತು ಏರಿದೆ, ಮತ್ತೆ ಇಳಿದೆ. ಸಂಜೆ ಹಸಿವಾದರೆ ಒಂದು ಲೋಟ ನೀರು, ಇನ್ನೂ ಆದರೆ ಸಕ್ಕರೆಯಿಲ್ಲದ ಕಾಫಿ. ಹಸಿವನ್ನು ಗೆದ್ದೆ ಅನ್ನಿಸಿದ ದಿನ ಹೆಮ್ಮೆಯಿಂದ ಮಲಗುತ್ತಿದ್ದೆ.

ಇದನ್ನೆಲ್ಲ ಬಿಟ್ಟ ಹೊಸತರಲ್ಲಿ ಚನ್ನರಾಯಪಟ್ಟಣದ ಕಡೆಯ ನಮ್ಮತ್ತೆಯ ಊರಿಗೆ ಹೋಗಿದ್ದೆ. ಅವರು ಎಸರಿಗೆ ರಾಗಿ ಹಿಟ್ಟು ಹಾಕಿ, ಪಾತ್ರೆಯನ್ನು ಎರಡೂ ಪಾದಗಳ ನಡುವೆ ಒತ್ತಿ ಹಿಡಿದು ಕೋಲಿನಿಂದ ತಿರುವುತ್ತಿದ್ದರು. ತಿರುವುತ್ತಲೇ ಕೇಳಿದರು: “ಹಸಿವಾಯ್ತೇನವ್ವ?” ನಾನು ತಲೆಯೆತ್ತಿ ಗೋಡೆ ನೋಡಿದೆ. ಒಂದು ಗಂಟೆಗೆ ಹತ್ತು ನಿಮಿಷವಿತ್ತು.

“ಗಡಿಯಾರ ಯಾಕ್ ನೋಡ್ತೀಯ? ನಾನ್ ಕೇಳಿದ್ದು ಹೊಟ್ಟೇನ.”

ನನ್ನಲ್ಲಿ ಉತ್ತರವಿರಲಿಲ್ಲ. ಹಸಿವಾಗಿದೆಯೋ ಇಲ್ಲವೋ ನಿಜವಾಗಿ ಗೊತ್ತಿರಲಿಲ್ಲ. ನಲವತ್ತು ದಾಟಿದ ಹೆಂಗಸು, ಎರಡು ಮಕ್ಕಳ ತಾಯಿ, ಮೂರು ತಿಂಗಳ ಕೂಸಿಗೆ ಗೊತ್ತಿರುವುದು ನನಗೆ ಗೊತ್ತಿರಲಿಲ್ಲ. ಆ ಕ್ಷಣಕ್ಕೆ ನನಗಾದದ್ದು ಭಯ.

ಹಸಿವು ಎಲ್ಲಿಗೆ ಹೋಗಿರುತ್ತದೆ? ಎಲ್ಲಿಗೂ ಹೋಗಿರುವುದಿಲ್ಲ. ಜಠರ ಬರಿದಾದಾಗ ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಗುರುತಿಸಿದರು. ಅದಕ್ಕೂ ಮೊದಲು, 1994ರಲ್ಲಿ, ಮೈಯ ಕೊಬ್ಬಿನಿಂದ ಹೊರಟು ‘ದಾಸ್ತಾನು ಸಾಕಷ್ಟಿದೆ’ ಎಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಸಿಕ್ಕಿತ್ತು. ಕಟ್ಟುನಿಟ್ಟಾಗಿ ಡಯಟ್ ಮಾಡಿದವರಲ್ಲಿ ಗ್ರೆಲಿನ್ ಏರುತ್ತದೆ, ಲೆಪ್ಟಿನ್ ಇಳಿಯುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 50 ಜನರನ್ನು 10 ವಾರ ಹಾಗೆ ಪಥ್ಯದಲ್ಲಿರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷ ಕಳೆದರೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಅಂದರೆ ದೇಹ ಸುಮ್ಮನಾಗಿರಲಿಲ್ಲ, ಇನ್ನೂ ಜೋರಾಗಿ ಕೂಗುತ್ತಿತ್ತು. ಕಿವಿ ಮುಚ್ಚಿಕೊಂಡವಳು ನಾನು.

ಹಗಲು ಮುಚ್ಚಿಕೊಂಡ ಕಿವಿ ರಾತ್ರಿ ತೆರೆಯುತ್ತಿತ್ತು. ಎಲ್ಲರೂ ಮಲಗಿದ ಮೇಲೆ ಹನ್ನೊಂದು ಗಂಟೆಗೆ ಫೋನಿನಲ್ಲಿ ಅಡುಗೆಯ ವಿಡಿಯೊ ನೋಡುತ್ತಾ ಕೂರುತ್ತಿದ್ದೆ. ಆಮೇಲೆ ದೀಪ ಹಾಕದೆ, ನಿಂತೇ, ಡಬ್ಬಿಯಿಂದ ಚಕ್ಕುಲಿ. ಸದ್ದಾಗದಿರಲೆಂದು ಬಾಯಲ್ಲಿಟ್ಟು ನೆನೆಸಿ ಮುರಿಯುತ್ತಿದ್ದೆ. ಇದು ನನ್ನೊಬ್ಬಳ ಬಲಹೀನತೆ ಎಂದು ವರ್ಷಗಟ್ಟಲೆ ನಾಚಿದ್ದೆ. ಅಮೆರಿಕದ ಮಿನೆಸೊಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದ ಬಗ್ಗೆ ಓದಿದ ದಿನ ಆ ನಾಚಿಕೆ ಕಳಚಿತು. ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದ 36 ತರುಣರು, ಯುರೋಪಿನ ಹಸಿದವರಿಗೆ ಮತ್ತೆ ಉಣಿಸುವುದು ಹೇಗೆಂದು ಕಲಿಯಲು ನೆರವಾಗುತ್ತೇವೆಂದು ತಾವಾಗಿ ಒಪ್ಪಿ 24 ವಾರ ಅರೆಹೊಟ್ಟೆಯಲ್ಲಿದ್ದರು. ಗಟ್ಟಿಮುಟ್ಟಾಗಿದ್ದ ಆ ಹುಡುಗರಲ್ಲಿ ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು, ತಟ್ಟೆ ನೆಕ್ಕತೊಡಗಿದರು. ಪ್ರಯೋಗ ಮುಗಿದು ಊಟ ಸಿಕ್ಕ ಮೇಲೂ ಎಷ್ಟೋ ದಿನ ಹೊಟ್ಟೆ ಬಿರಿಯುವಷ್ಟು ತಿಂದು, ಇನ್ನೂ ಹಸಿವು ಅನ್ನುತ್ತಿದ್ದರು. ನನ್ನ ಚಕ್ಕುಲಿ ಡಬ್ಬಿ ಅವರಿಗೆ ಅರ್ಥವಾಗುತ್ತಿತ್ತು.

ನಮ್ಮವರು ಇದನ್ನು ಬೇರೆ ದಾರಿಯಿಂದ ಕಂಡಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ 7ನೇ ಅಧ್ಯಾಯ, ತಡೆಯಬಾರದ 13 ವೇಗಗಳನ್ನು, ಅಂದರೆ ದೇಹದ ಸಹಜ ಒತ್ತಡಗಳನ್ನು, ಹೇಳುತ್ತದೆ. ಮೂತ್ರ, ಸೀನು, ಆಕಳಿಕೆ, ಕಣ್ಣೀರು, ನಿದ್ದೆಗಳ ಸಾಲಿನಲ್ಲೇ ಹಸಿವೂ ಇದೆ. ಹಸಿವನ್ನು ತಡೆದರೆ ಸೊರಗು, ನಿಶ್ಶಕ್ತಿ, ಮೈಕೈ ನೋವು, ತಲೆಸುತ್ತು, ಜೊತೆಗೆ ಅರುಚಿ. ಈ ಅರುಚಿಯ ಬಳಿ ನಾನು ನಿಂತುಬಿಟ್ಟೆ: ಹಸಿವನ್ನು ತಡೆಯುತ್ತಾ ಹೋದರೆ ಊಟವೇ ರುಚಿಸದಾಗುತ್ತದೆ. ಸೀನನ್ನು ಗೆದ್ದೆ ಎಂದು ಹೆಮ್ಮೆಪಟ್ಟವರನ್ನು ನಾನು ಕಂಡಿಲ್ಲ. ಹಸಿವಿನ ವಿಷಯದಲ್ಲಿ ಮಾತ್ರ ನಮಗೆ ಅದು ಸಾಧನೆಯಾಗಿ ಕಂಡಿದೆ.

ಹಾಗಾದರೆ ‘ಒಂದು ಹೊತ್ತು ಉಂಡವ ಯೋಗಿ’ ಎಂಬ ಮಾತು? ಆರು ವರ್ಷ ನನ್ನ ಬೆನ್ನಿಗೆ ಬಾರಿಸಿಕೊಂಡ ಚಾಟಿ ಅದು. ಈಗ ನನಗನ್ನಿಸುವುದು, ಅದು ಯೋಗಿಯ ದಿನಚರಿಯ ಮಾತು, ಮೂರು ಜನರ ಬಟ್ಟೆ ಒಗೆದು ಬಸ್ಸು ಹಿಡಿಯುವವಳ ದಿನಚರಿಯದಲ್ಲ. ಏಕಾದಶಿಯ ಉಪವಾಸವೂ ಬೇರೆಯೇ. ಅಲ್ಲಿ ಹಸಿವನ್ನು ಹಸಿವೆಂದೇ ಒಪ್ಪಿಕೊಂಡು ದೇವರ ಮುಂದೆ ಇಡುತ್ತಾರೆ. ಮರುದಿನ ದ್ವಾದಶಿಯ ಪಾರಣೆ ಕಾದಿರುತ್ತದೆ. ನನ್ನ ಡಯಟ್ಟಿಗೆ ದ್ವಾದಶಿಯೇ ಇರಲಿಲ್ಲ.

ಎವೆಲಿನ್ ಟ್ರಿಬೋಲಿ ಮತ್ತು ಎಲೀಸ್ ರೆಶ್ ಎಂಬ ಅಮೆರಿಕದ ಇಬ್ಬರು ಪಥ್ಯತಜ್ಞೆಯರು 1995ರಲ್ಲಿ ‘ಇಂಟ್ಯೂಟಿವ್ ಈಟಿಂಗ್’ ಎಂಬ ಪುಸ್ತಕ ಬರೆದರು. ಡಯಟ್ಟಿನ ಮನಸ್ಸನ್ನು ಬಿಡು, ಹಸಿವನ್ನು ಗೌರವಿಸು, ಹೊಟ್ಟೆ ತುಂಬಿದ್ದನ್ನು ಗಮನಿಸು ಎಂದು ಅದರಲ್ಲಿ ಹತ್ತು ಸೂತ್ರಗಳು. ಓದುವಾಗ ನನಗೆ ಅತ್ತೆಯ ಮಾತೇ ನೆನಪಾದದ್ದು. ‘ಕೇಳು’ ಎಂಬ ನಮ್ಮ ಒಂದೇ ಮಾತಿಗೆ ಎರಡೂ ಅರ್ಥವಿದೆ: ಬೇಕೆಂದು ಕೇಳುವುದು, ಕಿವಿಗೊಟ್ಟು ಕೇಳುವುದು. ಹೊಟ್ಟೆ ಕೇಳುತ್ತದೆ, ನಾವು ಕೇಳಬೇಕು. ಇನ್ನೂ ಒಂದನ್ನು ಗಮನಿಸಿ. ಊಟವನ್ನು ಮಾಡುತ್ತೇವೆ, ಉಪವಾಸ ಮಾಡುತ್ತೇವೆ, ಡಯಟ್ ಕೂಡ ಮಾಡುತ್ತೇವೆ. ಹಸಿವು ಮಾತ್ರ ‘ಆಗುತ್ತದೆ’, ಮಳೆಯಾದ ಹಾಗೆ, ಬೆಳಗಾದ ಹಾಗೆ. ಅದಕ್ಕೆ ನಮ್ಮ ಅಪ್ಪಣೆ ಬೇಕಿಲ್ಲ, ನಮ್ಮ ತಪ್ಪೂ ಅದರಲ್ಲಿಲ್ಲ.

ಕೇಳುವುದನ್ನು ಕಲಿಯಲು ನನಗೆ ವರ್ಷವೇ ಹಿಡಿಯಿತು. ಮೊದಲ ಕೆಲವು ತಿಂಗಳು ಹೊತ್ತಿಗೆ ಸರಿಯಾಗಿ ಮೂರು ಊಟ, ನಡುವೆ ಒಂದು ತಿಂಡಿ, ಹಸಿವಾಗಲಿ ಬಿಡಲಿ. ಬಹಳ ಸಲ ಮೋಸಹೋದ ಹೊಟ್ಟೆಗೆ, ಊಟ ಬಂದೇ ಬರುತ್ತದೆಂಬ ನಂಬಿಕೆ ಮೊದಲು ಹುಟ್ಟಬೇಕಿತ್ತು. ನನ್ನದು ಕರಡು ತಿದ್ದುವ ಕೆಲಸ. ಒಂದು ಬೆಳಿಗ್ಗೆ ಒಂದೇ ಸಾಲನ್ನು ನಾಲ್ಕನೆಯ ಸಲ ಓದುತ್ತಿದ್ದೇನೆಂದು ಅರಿವಾಯಿತು. ಬೆರಳ ತುದಿ ತಣ್ಣಗಿತ್ತು. ಪಕ್ಕದ ಮೇಜಿನವರು ಪೆನ್ನು ಕುಟ್ಟುತ್ತಿದ್ದುದಕ್ಕೆ ಅಳು ಬರುವಷ್ಟು ಸಿಟ್ಟು. ಹೊಟ್ಟೆ ಚುರುಗುಟ್ಟುವುದು, ತಾಳ ಹಾಕುವುದು ಏನೂ ಇರಲಿಲ್ಲ. ಸುಮ್ಮನೆ ಡಬ್ಬಿ ತೆರೆದು ಎರಡು ಇಡ್ಲಿ ತಿಂದೆ. ಐದನೆಯ ಸಲ ಓದಿದಾಗ ಸಾಲು ಅರ್ಥವಾಯಿತು, ಅದರಲ್ಲಿ ಬಿಟ್ಟುಹೋಗಿದ್ದ ಒತ್ತಕ್ಷರವೂ ಕಂಡಿತು. ನನ್ನ ಹಸಿವು ಹೊಟ್ಟೆಗಿಂತ ಮೊದಲು ಕಣ್ಣಿಗೂ ಬೆರಳಿಗೂ ಬರುತ್ತದೆಂದು ಅಂದು ತಿಳಿಯಿತು. ಅದಾದ ಮೇಲೆ ಹಸಿವಿನ ಬಗೆಗಳು ಒಂದೊಂದೇ ಬಿಡಿಸಿಕೊಂಡವು. ಬಿಸಿ ಅನ್ನ, ಉಪ್ಪಿನಕಾಯಿ ಕೊಟ್ಟರೂ ಸಾಕೆಂದರೆ ಅದು ಹೊಟ್ಟೆಯ ಹಸಿವು. ಖಾರದ ಬೋಂಡವೇ ಆಗಬೇಕೆಂದರೆ ಬಾಯಿ ಚಪಲ. ಅದೂ ಪಾಪವಲ್ಲ, ಕೂತು ನೆಮ್ಮದಿಯಿಂದ ತಿಂದರೆ ಎರಡಕ್ಕೆ ತೀರುತ್ತದೆ. ತಿನ್ನಬೇಕು, ಆದರೆ ಏನೆಂದು ಹೊಳೆಯುತ್ತಿಲ್ಲ ಎಂದರೆ ಹೆಚ್ಚಿನ ಸಲ ದಣಿವು, ಇಲ್ಲವೇ ದುಃಖ.

‘ಸಾಕು’ ಎಂಬುದನ್ನು ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಚೆನ್ನಾಗಿ ತಲುಪಲು ಸುಮಾರು 20 ನಿಮಿಷ ಬೇಕು. ಪಂಕ್ತಿಯಲ್ಲಿ ಒಂದಾದ ಮೇಲೊಂದು ಬಡಿಸಿ, ನಡುವೆ ಕಾಯಿಸಿ, ಕೊನೆಗೆ ಮಜ್ಜಿಗೆ ಅನ್ನಕ್ಕೆ ಬರುವ ಊಟದಲ್ಲಿ ಆ ಬಿಡುವು ತಾನಾಗಿ ಸಿಗುತ್ತದೆ. ಅದೇ ಪಂಕ್ತಿಯಲ್ಲಿ ‘ಇನ್ನೊಂಚೂರು’ ಎಂಬ ಪ್ರೀತಿಯ ಬಲವಂತವೂ ಇದೆ. ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ನಾನು ಮತ್ತೆ ಕಲಿಯಬೇಕಾಯಿತು.

ಗಾದೆಯ ‘ರೋಗವಿಲ್ಲ’ ಎಂಬ ಭರವಸೆಯನ್ನು ನಾನು ಅಕ್ಷರಶಃ ನಂಬುವುದಿಲ್ಲ. ವಂಶದಿಂದ ಬರುವ ಕಾಯಿಲೆಗಳಿವೆ, ಬಡತನ ತರುವ ಕಾಯಿಲೆಗಳಿವೆ. ಇನ್ಸುಲಿನ್ ತೆಗೆದುಕೊಳ್ಳುವವರು ಹಸಿವಿಗಾಗಿ ಕಾಯುವ ಹಾಗಿಲ್ಲ, ವೈದ್ಯರು ಹೇಳಿದ ಹೊತ್ತಿಗೇ ಉಣ್ಣಬೇಕು. ಊಟದ ಮೇಲಿನ ಭಯ ರೋಗವಾಗಿ ಬೆಳೆದವರಿಗೆ ಪುಸ್ತಕ ಸಾಲದು, ಚಿಕಿತ್ಸೆ ಬೇಕು. ನನ್ನ ತೂಕ ನಾಲ್ಕು ಕಿಲೋ ಏರಿ ನಿಂತಿದೆ. ನಿಂತಿದೆ ಎಂಬುದೇ ಆರು ವರ್ಷದಲ್ಲಿ ಕಾಣದಿದ್ದ ಸಂಗತಿ. ಆದರೆ ಗಾದೆಯ ಎರಡನೆಯ ಅರ್ಧ ನನ್ನ ಪಾಲಿಗೆ ಪೂರ್ತಿ ನಿಜವಾಯಿತು. ಹೊಟ್ಟೆಯೊಂದಿಗಿನ ಜಗಳ ನಿಂತಿತು.

ಮೊನ್ನೆ ಅವರೆಕಾಯಿ ಕಾಲದಲ್ಲಿ ಮತ್ತೆ ಊರಿಗೆ ಹೋಗಿದ್ದೆ. ಎಸರು ಕುದಿಯುತ್ತಿತ್ತು, ಅತ್ತೆ ಹಿಟ್ಟಿನ ಪಾತ್ರೆಗೆ ಕೈ ಹಾಕಿದ್ದರು. “ಹಸಿವಾಯ್ತೇನವ್ವ?”

ಒಂದು ಗಳಿಗೆ ಸುಮ್ಮನಿದ್ದು ಹೇಳಿದೆ: “ಇನ್ನೂ ಇಲ್ಲ ಅತ್ತೆ. ಒಂದರ್ಧ ಗಂಟೆ ಆಗ್ಬೋದು.”

ಅವರು ಹಿಟ್ಟನ್ನು ಪಾತ್ರೆಗೇ ಬಿಟ್ಟು ಉರಿ ತಗ್ಗಿಸಿದರು. ಅವರೆಕಾಯಿಯ ಮೊರವನ್ನು ಇಬ್ಬರ ನಡುವೆ ಎಳೆದುಕೊಂಡು, “ಹಂಗಾರೆ ಇಷ್ಟು ಸುಲಿಯನ ಬಾ” ಅಂದರು.