ಮೇಜಿನ ಆಚೆ ಕೂತವರ ಸಿನಿಮಾ

ನನಗೆ ಸಿನಿಮಾ ಹುಚ್ಚು ಎಂದು ತಿಳಿದವರೆಲ್ಲ ಸಿಕ್ಕಲ್ಲಿ ಕೇಳುವ ಮಾತು ಒಂದೇ: 'ಯಾವುದಾದ್ರೂ ಒಳ್ಳೇ ಪಿಕ್ಚರ್ ಇದ್ರೆ ಹೇಳಿ.' ನಾನು 'ಕಾಡು' ಎನ್ನುತ್ತೇನೆ, 'ಫಣಿಯಮ್ಮ' ಎನ್ನುತ್ತೇನೆ, 'ತಬರನ ಕಥೆ' ಎನ್ನುತ್ತೇನೆ. ಕೇಳಿದವರ ಮುಖ ಸಣ್ಣಗಾಗುತ್ತದೆ. 'ಓ, ಅವಾರ್ಡ್ ಪಿಕ್ಚರಾ?' ಎಂದು ಮಾತು ಬದಲಿಸುತ್ತಾರೆ. ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಆ ಎರಡು ಪದಗಳ ಹಿಂದೆ ಎಷ್ಟೆಲ್ಲ ಒಳ್ಳೆಯ ಚಿತ್ರಗಳು ಸದ್ದಿಲ್ಲದೆ ಸರಿದುಹೋಗಿವೆ ಎಂದು ನೆನೆದರೆ ಸಂಕಟವಾಗುತ್ತದೆ.

ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಆರು ಕನ್ನಡ ಚಿತ್ರಗಳಿಗೆ ಬಂದಿದೆ: 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿಸಾಹೇಬ', 'ದ್ವೀಪ'. ಇವುಗಳಲ್ಲಿ ಕೊನೆಯ ನಾಲ್ಕೂ ಗಿರೀಶ ಕಾಸರವಳ್ಳಿಯವರವು. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹುಡುಗರು ಈ ಪಟ್ಟಿಯನ್ನು ನಿದ್ದೆಯಲ್ಲೂ ಒಪ್ಪಿಸಿಯಾರು. ನಿರ್ದೇಶಕ ಯಾರು, ಕಾದಂಬರಿ ಯಾರದು ಎಲ್ಲ ಗೊತ್ತು. ಚಿತ್ರ ನೋಡಿದ್ದೀರಾ ಎಂದರೆ ಇಲ್ಲ. ಹೆಸರೇ ಕೇಳಿರದ ಚಿತ್ರವನ್ನು ಒಬ್ಬರಿಗೆ ಹೇಳುವುದು ಸುಲಭ. 'ಗೊತ್ತು ಗೊತ್ತು' ಎನ್ನುವವರನ್ನು ಅದೇ ಚಿತ್ರದ ಮುಂದೆ ಕೂರಿಸುವುದು ಕಷ್ಟ. ಪ್ರಶಸ್ತಿ ಬಂತು, ಪೇಪರಿನಲ್ಲಿ ಬಂತು, ಸನ್ಮಾನವಾಯಿತು. ನೋಡುವ ಕೆಲಸ ನಮ್ಮ ಪರವಾಗಿ ಯಾರೋ ಮಾಡಿ ಮುಗಿಸಿದ್ದಾರೆ ಎಂಬ ಸಮಾಧಾನ ನಮಗೆ.

ಇಂಥ ಚಿತ್ರಗಳನ್ನು ಮೆಚ್ಚಿಕೊಂಡವರ ಮಾತಿನಲ್ಲೂ ಒಂದು ತೊಡಕಿದೆ. 'ಬಹಳ ಮಹತ್ವದ ಚಿತ್ರ', 'ಹೊಸ ಅಲೆಯ ಮೈಲಿಗಲ್ಲು', 'ನೀವು ನೋಡಲೇಬೇಕು' ಎನ್ನುತ್ತಾರೆ. ಜ್ವರ ಬಂದ ಮಗುವಿಗೆ ಕಷಾಯ ಕುಡಿಸುವವರ ದನಿ ಅದು. 'ಕಾಡು' ಚಿತ್ರ 1973ರದು, ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಗಿರೀಶ ಕಾರ್ನಾಡರ ನಿರ್ದೇಶನ, ಗೋವಿಂದ ನಿಹಲಾನಿಯವರ ಛಾಯಾಗ್ರಹಣ ಎಂದರೆ ಕೇಳಿದವರು ಗೌರವದಿಂದ ತಲೆಯಾಡಿಸುತ್ತಾರೆ, ಅಷ್ಟೆ. ಅದರ ಬದಲು ಹೀಗೆ ಹೇಳಿ ನೋಡಿ: ಪಟ್ಟಣದಿಂದ ಚಿಕ್ಕಮ್ಮನ ಊರಿಗೆ ಬಂದ ಒಬ್ಬ ಹುಡುಗ, ಹೆಸರು ಕಿಟ್ಟಿ. ಊರ ಪಕ್ಕದ ಕಾಡಿನಲ್ಲಿ ಮನುಷ್ಯರನ್ನು ಹೆಸರು ಹಿಡಿದು ಕರೆಯುವ ಹಕ್ಕಿಯೊಂದಿದೆಯಂತೆ. ಹುಡುಗನ ಮನಸ್ಸು ಆ ಹಕ್ಕಿಯ ಮೇಲೆ. ಅವನ ಸುತ್ತಲಿನ ದೊಡ್ಡವರೋ ಪಕ್ಕದ ಊರಿನ ಒಬ್ಬ ಹೆಂಗಸಿನ ಸಲುವಾಗಿ ಕತ್ತಿ ಮಸೆಯುತ್ತಿದ್ದಾರೆ. ಗಂಡನನ್ನು ಹೇಗಾದರೂ ಮನೆಗೆ ತಿರುಗಿಸಿಕೊಳ್ಳಬೇಕೆಂದು ಚಿಕ್ಕಮ್ಮ ಒದ್ದಾಡುತ್ತಾಳೆ. ಯಾವುದಕ್ಕೆ ಹೆದರಬೇಕು ಎಂದು ಹುಡುಗನಿಗೆ ತಿಳಿಯುವುದಿಲ್ಲ. ಇಷ್ಟು ಹೇಳಿದರೆ ಸಾಕು, 'ಆಮೇಲೆ?' ಎನ್ನುತ್ತಾರೆ. ಆ 'ಆಮೇಲೆ' ಬಂತೆಂದರೆ ಅರ್ಧ ಕೆಲಸ ಆದಂತೆ.

ಹಾಗೆ ಹೇಳುತ್ತಾ ಹೇಳುತ್ತಾ ನನ್ನೊಳಗೆ ಒಂದು ಲೆಕ್ಕಾಚಾರ ಬೆಳೆದಿತ್ತು. ಯಾರ ಬದುಕಿಗೆ ಯಾವ ಚಿತ್ರ ಹತ್ತಿರವೋ ಅವರಿಗೆ ಅದನ್ನು ಹೇಳಬೇಕು ಎಂಬುದು ಆ ಲೆಕ್ಕ. ನಮ್ಮ ಚಿಕ್ಕಪ್ಪ ಒಂದು ಕಚೇರಿಯಿಂದ ನಿವೃತ್ತರಾಗಿ ಪಿಂಚಣಿ ಕಾಗದಕ್ಕಾಗಿ ಅಲೆಯುತ್ತಿದ್ದ ಕಾಲ. ಸರ್ವಿಸ್ ರಿಜಿಸ್ಟರಿನಲ್ಲಿ ಒಂದು ಸಹಿ ಇಲ್ಲ, ಸಹಿ ಹಾಕಬೇಕಾದವರು ರಜೆ, ರಜೆ ಮುಗಿಯುವಷ್ಟರಲ್ಲಿ ವರ್ಗ. ಅವರಿಗೆ 'ತಬರನ ಕಥೆ' ತೋರಿಸಿದೆ.

ಪೂರ್ಣಚಂದ್ರ ತೇಜಸ್ವಿಯವರ ಕತೆ ಅದು. ತಬರಶೆಟ್ಟಿ ಸರ್ಕಾರಿ ನೌಕರ. ಬ್ರಿಟಿಷರ ಕಾಲದಿಂದ ದುಡಿದವನು, ಸರ್ಕಾರ ಎಂದರೆ ದೇವರು ಎಂದು ನಂಬಿದವನು. ಅವನನ್ನು ಕಾಫಿ ಬೆಳೆಗಾರರಿಂದ ತೆರಿಗೆ ವಸೂಲಿ ಮಾಡುವ ಕೆಲಸಕ್ಕೆ ಹಾಕುತ್ತಾರೆ. ಬೆಳೆಗಾರರು ಹಣ ಕೊಡುವುದಿಲ್ಲ. ಕೊನೆಗೆ ಆ ಬಾಕಿ ಅವನ ಲೆಕ್ಕಕ್ಕೇ ಬಿದ್ದು ಪಿಂಚಣಿ ನಿಂತುಹೋಗುತ್ತದೆ. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ, ಕಾಲು ತೆಗೆಯಬೇಕು ಎನ್ನುತ್ತಾರೆ ಡಾಕ್ಟರು. ಆಸ್ಪತ್ರೆಗೆ ದುಡ್ಡಿಲ್ಲ. ತಬರ ಕಸಾಯಿಯ ಹತ್ತಿರ ಹೋಗುತ್ತಾನೆ, ಹೆಂಡತಿಯ ಕಾಲು ಕಡಿದುಕೊಡು ಎಂದು ಕೇಳುವುದಕ್ಕೆ. ಬೇರೆ ನಟರಾಗಿದ್ದರೆ ಆ ಕಡೆ ಎದೆ ಬಡಿದುಕೊಂಡು ಅತ್ತುಬಿಡುತ್ತಿದ್ದರು. ಚಾರುಹಾಸನ್ ಹಾಗೆ ಮಾಡುವುದಿಲ್ಲ. ಎಲ್ಲ ಕಚೇರಿಯೂ ಆಯಿತು, ಉಳಿದದ್ದು ಇದೊಂದೇ ಬಾಗಿಲು ಎಂಬಂತೆ ಕೇಳುತ್ತಾರೆ. ಅವರಿಗೆ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು ಎಂಬುದು ಸರಿಯೇ. ಆದರೆ ನೋಡಬೇಕಾದದ್ದು ಆ ಒಂದು ಕೋರಿಕೆಯ ಹಿಂದಿನ ತರ್ಕವನ್ನು. ಹುಚ್ಚು ಎನಿಸುವ ಆ ಹೆಜ್ಜೆಗೆ ಅವನನ್ನು ತಳ್ಳಿದ್ದು ಪೂರಾ ಕ್ರಮಬದ್ಧವಾದ, ಮೊಹರು ಬಿದ್ದ, ನಿಯಮದ ಪ್ರಕಾರವೇ ಬರೆದ ಕಾಗದಗಳು.

ಚಿಕ್ಕಪ್ಪ ಅಲುಗಾಡದೆ ಕೂತು ಪೂರ್ತಿ ನೋಡಿದರು. ಮುಗಿದ ಮೇಲೆ ಹೇಳಿದರು: 'ಚೆನ್ನಾಗಿ ತೆಗ್ದಿದ್ದಾರೆ ಕಣೋ. ಆದ್ರೆ ಇದು ನಂಗೆ ಗೊತ್ತಿರೋದೇ. ಇದನ್ನ ಮೇಜಿನ ಆಚೆ ಕೂತಿರೋರಿಗೆ ತೋರಿಸ್ಬೇಕು.'

ಈ ಮಾತನ್ನು ನಾನು ಬಹಳ ಕಾಲ ಮೆಲುಕು ಹಾಕಿದ್ದೇನೆ. ನೊಂದವರಿಗೆ ಅವರ ನೋವಿನದೇ ಚಿತ್ರವನ್ನು ತೋರಿಸಿದರೆ ಅವರಿಗೆ ಸಿಗುವುದು ಹೆಚ್ಚೆಂದರೆ ಒಂದಿಷ್ಟು ಜೊತೆ. ಅದೂ ಸಣ್ಣದಲ್ಲ. ಆದರೆ ಆ ಚಿತ್ರದಿಂದ ಏನಾದರೂ ಅಲುಗಾಡಬೇಕಾದದ್ದು ಎದುರು ಬದಿಯ ಕುರ್ಚಿಯಲ್ಲಿ. ನಾವೆಲ್ಲ ಒಂದಲ್ಲ ಒಂದು ಕಡೆ ಆ ಕುರ್ಚಿಯಲ್ಲಿ ಕೂತಿರುತ್ತೇವೆ: ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಮನೆಯಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ. ಅಲ್ಲಿ ಕೂತಾಗ ಎದುರಿನವರು ನಮಗೆ ಮುಖವಾಗಿ ಕಾಣುವುದಿಲ್ಲ, ಅರ್ಜಿಯಾಗಿ ಕಾಣುತ್ತಾರೆ.

ಆಮೇಲೆ ನಾನು ಚಿತ್ರ ಹೇಳುವ ರೀತಿಯೇ ಬದಲಾಯಿತು. 'ಗುಲಾಬಿ ಟಾಕೀಸ್'ಅನ್ನೇ ತೆಗೆದುಕೊಳ್ಳಿ. ವೈದೇಹಿಯವರ ಕತೆಯಿಂದ ಹುಟ್ಟಿದ, 2008ರ ಕಾಸರವಳ್ಳಿಯವರ ಚಿತ್ರ. ಕುಂದಾಪುರದ ಕಡೆಯ ಮೀನುಗಾರರ ಕೇರಿ, ಅಲ್ಲೊಬ್ಬಳು ಸೂಲಗಿತ್ತಿ ಗುಲಾಬಿ. ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಗುಡಿಸಿಲಿಗೆ ಟಿವಿಯೂ ಡಿಶ್ಶೂ ಬರುತ್ತವೆ. ಕೇರಿಯ ಹೆಂಗಸರು ಧಾರಾವಾಹಿ ನೋಡಲು ಬಂದು ಸೇರುತ್ತಾರೆ. ಸಾಬರ ಮನೆಯೆಂದು ಮೊದಮೊದಲು ಕೆಲವರು ಹೊರಗೇ ನಿಂತು ನೋಡುತ್ತಾರೆ. ದಿನ ಕಳೆದಂತೆ ಹೊಸ್ತಿಲು ದಾಟುತ್ತಾರೆ. ಉಮಾಶ್ರೀಯವರ ಮುಖದ ಮೇಲೆ ಆಗ ಮೂಡುವ ಹಿಗ್ಗು, ಮನೆಗೆ ಜನ ಬಂದರಲ್ಲ ಎಂಬ ಹಿಗ್ಗು, ಕನ್ನಡ ಸಿನಿಮಾದಲ್ಲಿ ನಾನು ಕಂಡ ಅತ್ಯಂತ ನಿಜವಾದ ಸಂತೋಷಗಳಲ್ಲಿ ಒಂದು. ಅಷ್ಟರಲ್ಲಿ ಕಾರ್ಗಿಲ್ ಯುದ್ಧದ ಸುದ್ದಿ, ಕಡಲಿನಲ್ಲಿ ದೋಣಿಗಳ ಪೈಪೋಟಿ, ಗುಸುಗುಸು. ಅದೇ ಹೆಂಗಸರು ಅದೇ ಹೊಸ್ತಿಲಿನಿಂದ ಹಿಂದೆ ಸರಿಯತೊಡಗುತ್ತಾರೆ. ಈ ಚಿತ್ರವನ್ನು ನಾನು ಹೇಳುವುದು ಗುಲಾಬಿಯಂಥವರಿಗಲ್ಲ. ಆ ಜಗಲಿಯಲ್ಲಿ ಕೂತು ಟಿವಿ ನೋಡಿ, ಆಮೇಲೆ ಎದ್ದು ಹೋದವರಿಗೆ. ಅಂದರೆ ನಮ್ಮಂಥವರಿಗೆ.

ನಟೇಶ್ ಹೆಗಡೆಯವರ 'ಪೆದ್ರೊ' ಕೂಡ ಹಾಗೆಯೇ. ಉತ್ತರ ಕನ್ನಡದ ಮಲೆನಾಡಿನಲ್ಲಿ ತೆಗೆದ ಈ ಚಿತ್ರ 2021ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಮೊದಲು ಕಂಡಿತು. ಊರವರ ಮನೆಗಳಿಗೆ ಕರೆಂಟಿನ ಕೆಲಸ ಮಾಡಿಕೊಡುವ ಪೆದ್ರೊ ಆಗಿ ನಿರ್ದೇಶಕರ ತಂದೆಯೇ ನಟಿಸಿದ್ದಾರೆ. ಅವನ ಕೈಯಿಂದ ಅಚಾತುರ್ಯವಾಗಿ ಒಂದು ಹಸು ಸಾಯುತ್ತದೆ. ಊರು ಬೊಬ್ಬೆ ಹಾಕುವುದಿಲ್ಲ, ಮೆಲ್ಲಗೆ ಮುಖ ತಿರುಗಿಸುತ್ತದೆ. ಮಳೆ, ಮಂಜು, ಹೆಚ್ಚು ಮಾತಾಡದ ಜನ. ಪಾತ್ರಗಳನ್ನು ಬಹಳ ಹೊತ್ತು ದೂರದಿಂದಲೇ ತೋರಿಸುವ ಕ್ಯಾಮೆರಾ. ನಾನೂ ಆ ಊರಿನವನೇ ಆಗಿ ಬೇಲಿಯಾಚೆ ನಿಂತು ನೋಡುತ್ತಿದ್ದೇನೆ ಎಂದು ಸ್ವಲ್ಪ ಹೊತ್ತಿನಲ್ಲೇ ಅನಿಸುತ್ತದೆ. 'ಶಿವಮ್ಮ'ನದು ಇನ್ನೊಂದು ಬಗೆ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಅಲ್ಲಿನವರನ್ನೇ ಹಾಕಿಕೊಂಡು ಜೈಶಂಕರ್ ಆರ್ಯರ್ ತೆಗೆದ ಚಿತ್ರ. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು, ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಶಕ್ತಿ ಬರುತ್ತದೆ ಎಂಬ ಪುಡಿಯನ್ನು ಚೈನ್ ಕಂಪನಿಗಾಗಿ ಊರೆಲ್ಲ ಮಾರುತ್ತಾಳೆ. ಇದನ್ನು ಅಂಥ ಪುಡಿ ಕೊಂಡವರೂ ನೋಡಲಿ, ಸಭೆ ಕರೆದು ಕೊಳ್ಳಿಸಿದವರೂ ನೋಡಲಿ.

ಅಪರೂಪದ ಚಿತ್ರ ಜನಕ್ಕೆ ಹಿಡಿಸುವುದಿಲ್ಲ ಎನ್ನುವವರಿಗೆ ಹೆಗ್ಗೋಡೆಂಬ ಹಳ್ಳಿಯೇ ಉತ್ತರ. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ಸೀಮೆಯ ರೈತರ ಮುಂದೆ 'ಪಥೇರ್ ಪಾಂಚಾಲಿ', 'ರಾಶೋಮಾನ್', 'ಬೈಸಿಕಲ್ ಥೀವ್ಸ್' ತೋರಿಸಿದರು. ಸುಮ್ಮನೆ ತೋರಿಸಿ ಬಿಡಲಿಲ್ಲ. ಚಿತ್ರದ ಬಗ್ಗೆ ಕನ್ನಡದಲ್ಲಿ ತಿಳಿಹೇಳಿದರು, ಚರ್ಚೆ ನಡೆಸಿದರು, ಸಿನಿಮಾ ಕುರಿತ ಪುಸ್ತಕ ತಂದರು, ಶಿಬಿರ ಮಾಡಿದರು. ಸೈಕಲ್ ಕಳೆದುಕೊಂಡ ಬಡವನ ಪಾಡು ಅರ್ಥವಾಗಲು ಹೆಗ್ಗೋಡಿನವರಿಗೆ ಇಟಲಿಯ ಭಾಷೆ ಬೇಕಾಗಲಿಲ್ಲ. ಜೊತೆಯಲ್ಲಿ ಕೂತು ಮಾತಾಡುವವರೊಬ್ಬರು ಬೇಕಿತ್ತು, ಅವರಿದ್ದರು. ಬೆಂಗಳೂರಿನಲ್ಲಿ 1971ರಿಂದ 'ಸುಚಿತ್ರ' ಫಿಲ್ಮ್ ಸೊಸೈಟಿ ಮಾಡುತ್ತ ಬಂದದ್ದೂ ಈ ಕೆಲಸವನ್ನೇ.

ಈಗ ಚಿತ್ರಗಳಿಗೆ ಬರವಿಲ್ಲ, ಜೊತೆಗೆ ಕೂರುವವರಿಗೆ ಬರ. ಒಟಿಟಿಯಲ್ಲಿ, ಯೂಟ್ಯೂಬಿನಲ್ಲಿ ಹುಡುಕಿದರೆ ಹಳೆಯವು ಎಷ್ಟೋ ಸಿಗುತ್ತವೆ. ಕೆಲವು ಮಸುಕು, ಕೆಲವು ಅರ್ಧಂಬರ್ಧ. ನೋಡುವವರಿಲ್ಲದ ಚಿತ್ರದ ಗತಿ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ', ಇವತ್ತು ಒಂದು ಪ್ರತಿಯೂ ಉಳಿದಿಲ್ಲ. 'ಘಟಶ್ರಾದ್ಧ'ಕ್ಕೆ ಅದೃಷ್ಟವಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅದರ ಜೊತೆಗಾರರು ಸೇರಿ ಅದನ್ನು ಮತ್ತೆ ಹೊಸದರಂತೆ ಮಾಡಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುವ ಆ ಕತೆಯನ್ನು ನಾವು ನೋಡುವುದು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ. ಅವನಿಗೆ ಶಾಸ್ತ್ರ ಗೊತ್ತಿಲ್ಲ, ಯಮುನಕ್ಕ ಗೊತ್ತು, ಅಷ್ಟೆ. ವೆನಿಸ್ಸಿನವರು ನೋಡಿದ್ದು ಸಂತೋಷ. ಆ ಅಗ್ರಹಾರ ಮಾತ್ರ ನಮ್ಮದು.

ಓದುಗರಲ್ಲಿ ನನ್ನದೊಂದು ಬೇಡಿಕೆ. ಈ ತಿಂಗಳು ಇಲ್ಲಿ ಹೇಳಿದವುಗಳಲ್ಲಿ ಒಂದೇ ಒಂದನ್ನು ನೋಡಿ, ಒಬ್ಬರೇ ನೋಡಬೇಡಿ. ನೋಡಿದ ಮೇಲೆ ಇನ್ನೊಬ್ಬರಿಗೆ ಹೇಳುವಾಗ ಪ್ರಶಸ್ತಿಯ ಹೆಸರು ಬಿಟ್ಟು ಒಂದು ದೃಶ್ಯ ಹೇಳಿ. ಹೊಸ ಸಣ್ಣ ಚಿತ್ರ ಊರಿಗೆ ಬಂದರೆ ಮೊದಲ ಶನಿವಾರ, ಭಾನುವಾರವೇ ಟಿಕೆಟ್ ಕೊಂಡು ಹೋಗಿ. ಮುಂದಿನ ಶುಕ್ರವಾರದವರೆಗೆ ಅದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.